ಅರ್ಧ ಮುಖಕ್ಕೆ ಬಂದ ಮುಪ್ಪು: ಲಾರಿ ಚಾಲಕರೊಬ್ಬರ ಪ್ರಕರಣ

2012ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯು ಒಬ್ಬ ರೋಗಿಯ ಮುಖದ ಛಾಯಾಚಿತ್ರವನ್ನೂ ಅದರೊಂದಿಗೆ ಒಂದು ಕಿರು ಟಿಪ್ಪಣಿಯನ್ನೂ ಪ್ರಕಟಿಸಿತು. ರೋಗಿಗೆ ಆಗ 69 ವರ್ಷ. ಸರಕು ಸಾಗಿಸುವ ಲಾರಿಯನ್ನು ಅವರು 28 ವರ್ಷ ಓಡಿಸಿದ್ದರು. ಅವರ ಮುಖದ ಎಡಭಾಗದ ಚರ್ಮವು 25 ವರ್ಷಗಳಿಂದ ಮೆಲ್ಲಮೆಲ್ಲಗೆ ದಪ್ಪವಾಗುತ್ತ, ಸುಕ್ಕುಗಟ್ಟುತ್ತ ಬಂದಿತ್ತು. ಅದರಿಂದ ಅವರಿಗೆ ಯಾವ ಬಾಧೆಯೂ ಆಗಿರಲಿಲ್ಲ. ಬಲಭಾಗವು ಆ ವಯಸ್ಸಿನವರಲ್ಲಿ ಕಾಣಬಹುದಾದ ಮಟ್ಟಿಗಷ್ಟೇ ಬದಲಾಗಿತ್ತು. ಚಿತ್ರದ ಒಂದು ಅರ್ಧವನ್ನು ಕೈಯಿಂದ ಮುಚ್ಚಿ, ಆಮೇಲೆ ಇನ್ನೊಂದು ಅರ್ಧವನ್ನು ಮುಚ್ಚಿ ನೋಡಿದರೆ, ಅಣ್ಣತಮ್ಮಂದಿರಿಬ್ಬರನ್ನು ನೋಡಿದಂತಾಗುತ್ತದೆ.

ಆ ಚಿತ್ರ ಬಹುಬೇಗ ಎಲ್ಲೆಡೆ ಹರಡಿ, ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ ಎಂಬ ಉಪದೇಶದ ಜಾಹೀರಾತಿನಂತಾಯಿತು. ಆ ಉಪದೇಶದಲ್ಲಿ ತಪ್ಪೇನೂ ಇಲ್ಲ. ಆದರೆ ಅಂಗರಚನೆಯ ದೃಷ್ಟಿಯಿಂದ ನೋಡುವವರಿಗೆ ಈ ಮುಖ ಅದಕ್ಕಿಂತ ಹೆಚ್ಚಿನದನ್ನು ತೋರಿಸುತ್ತದೆ. ಮುಖದ ಮೇಲಿನ ಗುರುತುಗಳಲ್ಲಿ ಯಾವುವು ಹುಟ್ಟಿನಿಂದ ಬಂದವು, ಯಾವುವು ಸ್ನಾಯುಗಳ ಚಲನೆಯಿಂದ ಮೂಡಿದವು, ಯಾವುವು ವಯಸ್ಸಿನಿಂದ, ಯಾವುವು ಹೊರಗಿನ ಬೆಳಕಿನಿಂದ ಆದವು ಎಂಬುದನ್ನು ಬಿಡಿಸಿ ಹೇಳುವುದು ಸಾಮಾನ್ಯವಾಗಿ ಕಷ್ಟ, ಏಕೆಂದರೆ ಅವೆಲ್ಲವೂ ಒಂದೇ ಚರ್ಮದ ಮೇಲೆ ಒಂದರ ಮೇಲೊಂದು ಕೂತಿರುತ್ತವೆ. ಇಲ್ಲಿ ಮಾತ್ರ ಎರಡು ಅರ್ಧಗಳಿಗೂ ವಯಸ್ಸು ಒಂದೇ, ವಂಶವಾಹಿಗಳು ಒಂದೇ, ಆಹಾರ ಒಂದೇ, ನಕ್ಕ ನಗುವೂ ಒಂದೇ. ಬೇರೆಯಾದದ್ದು ಬೆಳಕು ಮಾತ್ರ: ಲಾರಿಯ ಕಿಟಕಿಯ ಕಡೆಗಿದ್ದದ್ದು ಎಡಗೆನ್ನೆ. ಇಂಥ ಪ್ರಯೋಗವನ್ನು ಮನುಷ್ಯರ ಮೇಲೆ ಯಾರೂ ಉದ್ದೇಶಪೂರ್ವಕವಾಗಿ ಮಾಡಲಾರರು.

ಪರೀಕ್ಷೆಯಲ್ಲಿ ಕಂಡದ್ದು

ಎಡಗೆನ್ನೆಯ ಹೊರಪದರ ಒರಟಾಗಿ ದಪ್ಪವಾಗಿತ್ತು, ಅದರ ಮೇಲೆ ಆಳವಾದ ಏಣುಗಳು ಎದ್ದು ಕಾಣುತ್ತಿದ್ದವು. ಅಲ್ಲಲ್ಲಿ ಚರ್ಮ ಗಂಟುಗಂಟಾಗಿತ್ತು. ರೋಮರಂಧ್ರಗಳು ಅಗಲವಾಗಿ ತೆರೆದು, ಬ್ಲ್ಯಾಕ್‌ಹೆಡ್‌ಗಳಿಂದ ತುಂಬಿದ್ದವು. ಬ್ಲ್ಯಾಕ್‌ಹೆಡ್ ಕಪ್ಪಾಗಿರುವುದು ಕೊಳೆಯಿಂದ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ರಂಧ್ರದಲ್ಲಿ ಸಿಕ್ಕಿಕೊಂಡ ಜಿಡ್ಡು ಮತ್ತು ಕೆರಾಟಿನ್ (ಹೊರಚರ್ಮ, ಕೂದಲುಗಳಲ್ಲಿರುವ ಗಟ್ಟಿ ಪ್ರೋಟೀನ್) ಗಾಳಿಗೆ ತೆರೆದುಕೊಂಡಾಗ ಅದರಲ್ಲಿನ ಮೆಲನಿನ್ ಎಂಬ ವರ್ಣದ್ರವ್ಯ ಮತ್ತು ಉತ್ಕರ್ಷಣಗೊಂಡ ಕೊಬ್ಬಿನಿಂದಾಗಿ ಆ ಬಣ್ಣ ಬರುತ್ತದೆ, ಎಷ್ಟು ಉಜ್ಜಿ ತೊಳೆದರೂ ಹೋಗುವುದಿಲ್ಲ.

ಚರ್ಮದ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡು ಸಂಗತಿಗಳು ಕಂಡವು: ಒಳಚರ್ಮದಲ್ಲಿ ಸ್ಥಿತಿಸ್ಥಾಪಕ ನಾರುಗಳು ಕೆಟ್ಟು ರಾಶಿಯಾಗಿ ಸೇರಿಕೊಂಡಿದ್ದವು, ನವಿರಾದ ರೋಮಗಳ ಕೋಶಗಳೊಳಗೆ ಕೆರಾಟಿನ್ ತುಂಬಿದ ಪುಟ್ಟ ಗುಳ್ಳೆಗಳು, ಎಂದರೆ ಮಿಲಿಯಾಗಳು, ರೂಪುಗೊಂಡಿದ್ದವು. ಈ ಚಿತ್ರಣಕ್ಕೆ ಫಾವ್ರ್–ರಾಕುಶೋ ಲಕ್ಷಣಕೂಟ ಎಂಬ ಹೆಸರಿದೆ. ಫ್ರಾನ್ಸಿನ ಚರ್ಮರೋಗ ತಜ್ಞ ಮಾರಿಸ್ ಫಾವ್ರ್ 1932ರಲ್ಲಿ ಇದನ್ನು ಗುರುತಿಸಿದರು, 1951ರಲ್ಲಿ ಜಾನ್ ರಾಕುಶೋ ಅವರೊಡನೆ ಸೇರಿ ವಿವರವಾಗಿ ವರ್ಣಿಸಿದರು. ಬಿಸಿಲಿನಲ್ಲಿ ದಶಕಗಟ್ಟಲೆ ದುಡಿದ ಹಿರಿಯರ ಕಣ್ಣಿನ ಸುತ್ತ ಮತ್ತು ಕೆನ್ನೆಯ ಮೂಳೆಯ ಮೇಲೆ, ಸಾಮಾನ್ಯವಾಗಿ ಎರಡೂ ಬದಿಗೆ, ಇದು ಕಾಣಿಸಿಕೊಳ್ಳುತ್ತದೆ. ಧೂಮಪಾನವೂ ಇದಕ್ಕೆ ಒತ್ತು ಕೊಡುತ್ತದೆ ಎಂಬುದು ತಜ್ಞರ ಅಭಿಪ್ರಾಯ. ಒಂದೇ ಬದಿಗೆ ಇಷ್ಟು ತೀವ್ರವಾಗಿ ಕಾಣಿಸಿಕೊಂಡದ್ದೇ ಈ ಪ್ರಕರಣದ ವಿಶೇಷ.

ಬೆಳಕು ಮಾಡದೆ ಇದ್ದ ಗುರುತುಗಳು

ಎಡ–ಬಲಗಳ ಅಂತರವನ್ನು ಸರಿಯಾಗಿ ಅಳೆಯಬೇಕಾದರೆ, ಮೊದಲು ಎರಡೂ ಬದಿಗೆ ಸಮನಾಗಿ ಸೇರಿದ್ದನ್ನು ಲೆಕ್ಕದಿಂದ ಕಳೆಯಬೇಕು. ಅವುಗಳಲ್ಲಿ ಅತ್ಯಂತ ಹಳೆಯವು ಗರ್ಭದಲ್ಲೇ ಮೂಡಿದ ಗುರುತುಗಳು. ಮಾನವ ಭ್ರೂಣದ ಮುಖವು ನಾಲ್ಕನೆಯ ವಾರದಿಂದ ಸುಮಾರು ಎಂಟನೆಯ ವಾರದೊಳಗೆ ಐದು ಉಬ್ಬುಗಳು ಬೆಳೆದು ಪರಸ್ಪರ ಕೂಡಿಕೊಳ್ಳುವುದರಿಂದ ರೂಪುಗೊಳ್ಳುತ್ತದೆ: ಹಣೆ ಮತ್ತು ಮೂಗಿಗೆ ಕಾರಣವಾಗುವ ಒಂದು, ಮೇಲ್ದವಡೆಯ ಎರಡು, ಕೆಳದವಡೆಯ ಎರಡು. ಮೂಗಿನ ಕೆಳಗಿನಿಂದ ಮೇಲ್ತುಟಿಯವರೆಗೆ ಇಳಿಯುವ ತೋಡು ಮತ್ತು ಅದರ ಎರಡು ಬದಿಯ ದಿಣ್ಣೆಗಳು ಈ ಕೂಡಿಕೆಯ ಸ್ಥಳವನ್ನು ಇಂದಿಗೂ ತೋರಿಸುತ್ತವೆ; ಕೂಡಿಕೆ ಅಲ್ಲಿ ಪೂರ್ಣಗೊಳ್ಳದಿದ್ದರೆ ಮಗು ಸೀಳುತುಟಿಯೊಡನೆ ಹುಟ್ಟುತ್ತದೆ. ಗಲ್ಲದ ನಡುವೆ ಕೆಲವರಿಗೆ ಇರುವ ಸೀಳಿನಂತಹ ಗುಳಿಯೂ ಕೆಳದವಡೆಯ ಎರಡು ಭಾಗಗಳು ಕೂಡಿದ ಗೆರೆಯ ಮೇಲೆಯೇ ಇರುತ್ತದೆ.

ಎರಡನೆಯ ಗುಂಪು ಸ್ನಾಯುಗಳಿಗೆ ಸೇರಿದ್ದು. ದೇಹದ ಬಹುತೇಕ ಸ್ನಾಯುಗಳು ಮೂಳೆಯಿಂದ ಮೂಳೆಗೆ ಹೋಗುತ್ತವೆ. ಮುಖಭಾವವನ್ನು ಮೂಡಿಸುವ ಸ್ನಾಯುಗಳಾದರೋ ಚರ್ಮಕ್ಕೇ ಬಂದು ಅಂಟಿಕೊಳ್ಳುತ್ತವೆ. ಅವು ಕುಗ್ಗಿದಾಗಲೆಲ್ಲ ಚರ್ಮ ಎಳೆತಕ್ಕೆ ಅಡ್ಡಲಾಗಿ ಮಡಚಿಕೊಳ್ಳುತ್ತದೆ. ಹಣೆಯ ಸ್ನಾಯು ಮೇಲೆ–ಕೆಳಗೆ ಎಳೆಯುವುದರಿಂದ ಹಣೆಯ ಗೆರೆಗಳು ಅಡ್ಡವಾಗಿರುತ್ತವೆ. ಹುಬ್ಬುಗಳನ್ನು ಒಟ್ಟಿಗೆ ಸೆಳೆಯುವ ಸ್ನಾಯು ಅಡ್ಡಲಾಗಿ ಎಳೆಯುವುದರಿಂದ ಅವುಗಳ ನಡುವಿನ ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ಕಣ್ಣಿನ ಸುತ್ತಲಿನ ಸ್ನಾಯು ಉಂಗುರದಂತಿರುವುದರಿಂದ ಕಣ್ಣಿನ ಹೊರಮೂಲೆಯಲ್ಲಿ ಗೆರೆಗಳು ಹೊರಮುಖವಾಗಿ ಹರಡುತ್ತವೆ. ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಮಡಿಕೆಯು, ಮೇಲ್ತುಟಿಯನ್ನು ಎತ್ತುವ ಸ್ನಾಯುಗಳು ಚರ್ಮದಲ್ಲಿ ಕೊನೆಗೊಳ್ಳುವ ಎಡೆಯಲ್ಲಿದೆ. ಅಳುವ ಹಸುಳೆಯ ಮುಖದಲ್ಲೂ ಅದು ಕಾಣುತ್ತದೆ ಎಂಬುದನ್ನು ಗಮನಿಸಿದರೆ, ಅದನ್ನು ಮುಪ್ಪಿನ ಗುರುತು ಎಂದು ಕರೆಯುವುದು ಎಷ್ಟು ಅರೆಬರೆಯಾದ ಮಾತು ಎಂದು ತಿಳಿಯುತ್ತದೆ. ಕೆನ್ನೆಯ ಗುಳಿಯನ್ನೂ ಇದೇ ಲೆಕ್ಕಕ್ಕೆ ಹಾಕಬೇಕು: ಕೆನ್ನೆಯ ಮೂಳೆಯಿಂದ ಬಾಯಿಯ ಮೂಲೆಗೆ ಬರುವ ದೊಡ್ಡ ಸ್ನಾಯು ಕೆಲವರಲ್ಲಿ ಎರಡಾಗಿ ಕವಲೊಡೆದಿರುತ್ತದೆ, ಕೆಳಗಿನ ಕವಲಿನ ಎಳೆಗಳು ಚರ್ಮವನ್ನು ಹಿಡಿದುಕೊಂಡಿರುತ್ತವೆ, ನಕ್ಕಾಗ ಆ ಜಾಗ ಒಳಕ್ಕೆ ಕುಸಿಯುತ್ತದೆ.

ಸ್ನಾಯುಗಳೇ ಈ ಗೆರೆಗಳಿಗೆ ಕಾರಣ ಎಂಬುದಕ್ಕೆ ಮುಖದ ಪಾರ್ಶ್ವವಾಯುವೇ ಸಾಕ್ಷಿ. ಈ ಸ್ನಾಯುಗಳನ್ನು ನಡೆಸುವ ಏಳನೆಯ ಕಪಾಲ ನರವು ಒಂದು ಬದಿಯಲ್ಲಿ ಕೆಲಸ ನಿಲ್ಲಿಸಿದರೆ, ಆ ಬದಿಯ ಹಣೆಯ ಗೆರೆಗಳು ಅಳಿಸಿಹೋಗುತ್ತವೆ, ಮೂಗಿನ ಬದಿಯ ಮಡಿಕೆ ಚಪ್ಪಟೆಯಾಗುತ್ತದೆ. ವರ್ಷಗಟ್ಟಲೆ ಹಾಗೆಯೇ ಉಳಿದರೆ ಪೀಡಿತ ಬದಿಯೇ ನೋಡುವವರಿಗೆ ಎಳೆಯದಾಗಿ ಕಾಣುವುದೂ ಉಂಟು. ಹೀಗಿರುವುದರಿಂದ, ಒಂದು ಬದಿಗೆ ಮಾತ್ರ ಸುಕ್ಕಿರುವ ಮುಖವನ್ನು ಕಂಡಾಗ ಸುಕ್ಕಿರುವ ಬದಿಗೆ ಏನಾಯಿತು ಎಂದು ಕೇಳುವ ಮೊದಲು, ಸುಕ್ಕಿಲ್ಲದ ಬದಿಯ ನರ ಸರಿಯಾಗಿದೆಯೇ ಎಂದು ವೈದ್ಯರು ನೋಡಲೇಬೇಕಾಗುತ್ತದೆ. ಈ ರೋಗಿಯಲ್ಲಿ ವ್ಯತ್ಯಾಸ ಇದ್ದದ್ದು ಗೆರೆಗಳ ಆಳದಲ್ಲಿ ಮಾತ್ರವಲ್ಲ; ಎಡಗೆನ್ನೆಯ ಚರ್ಮವೇ ದಪ್ಪವಾಗಿತ್ತು, ರಂಧ್ರಗಳು ತುಂಬಿದ್ದವು. ನರದ ತೊಂದರೆ ಅಂಥ ಬದಲಾವಣೆಯನ್ನು ತರುವುದಿಲ್ಲ.

ಚರ್ಮಕ್ಕೆ ತನ್ನದೇ ಆದ ಎಳೆತದ ದಿಕ್ಕುಗಳೂ ಇವೆ. ಆಸ್ಟ್ರಿಯಾದ ಅಂಗರಚನಾ ವಿಜ್ಞಾನಿ ಕಾರ್ಲ್ ಲಾಂಗರ್ 1861ರಲ್ಲಿ ಮೃತದೇಹಗಳ ಚರ್ಮವನ್ನು ದುಂಡನೆಯ ಮೊನೆಯಿಂದ ಚುಚ್ಚಿದಾಗ, ರಂಧ್ರಗಳು ದುಂಡಗೆ ಉಳಿಯದೆ ನಿರ್ದಿಷ್ಟ ದಿಕ್ಕಿನಲ್ಲಿ ಉದ್ದವಾಗುವುದನ್ನು ತೋರಿಸಿದರು. ಮುಖದ ಮೇಲೆ ಶಸ್ತ್ರಚಿಕಿತ್ಸೆ ಮಾಡುವವರು ಇಂದು ಅನುಸರಿಸುವುದು ಲಾಂಗರ್ ಗೆರೆಗಳನ್ನೇ ಅಲ್ಲ, ಅವುಗಳನ್ನು ಪರಿಷ್ಕರಿಸಿದ, ಸಡಿಲವಾಗಿರುವ ಜೀವಂತ ಚರ್ಮದ ಎಳೆತದ ಗೆರೆಗಳನ್ನು. ಅವುಗಳ ಗುಂಟ ಕೊಯ್ದರೆ ಗಾಯದ ಕಲೆ ಸಹಜ ಸುಕ್ಕಿನೊಳಗೆ ಅಡಗುತ್ತದೆ, ಅಡ್ಡ ಕೊಯ್ದರೆ ಕಲೆ ಅಗಲವಾಗುತ್ತದೆ.

ಒಂದೇ ಬದಿಗೆ ಬರುವ ಇತರ ಗುರುತುಗಳು

ಮುಖದ ನಡುಗೆರೆಯನ್ನು ದಾಟದೆ ನಿಲ್ಲುವ ಗುರುತುಗಳು ಹಲವಿವೆ, ಅವುಗಳಲ್ಲಿ ಹೆಚ್ಚಿನವು ಹುಟ್ಟಿನಿಂದಲೇ ಬಂದವು. ದ್ರಾಕ್ಷಾರಸದ ಬಣ್ಣದ ಜನ್ಮಮಚ್ಚೆಯು ಒಳಚರ್ಮದ ಲೋಮನಾಳಗಳು ಹಿಗ್ಗಿ ಉಳಿದುಕೊಂಡದ್ದರಿಂದ ಆಗುತ್ತದೆ. ಭ್ರೂಣದ ಬೆಳವಣಿಗೆಯ ನಡುವೆ ಕೆಲವು ಜೀವಕೋಶಗಳಲ್ಲಷ್ಟೇ ಒಂದು ವಂಶವಾಹಿ ಮಾರ್ಪಾಡಾಗುವುದು ಇದಕ್ಕೆ ಕಾರಣ ಎಂದು 2013ರಲ್ಲಿ ತಿಳಿದುಬಂತು. ಜಪಾನಿನ ಓಟಾ ಅವರ ಹೆಸರಿನಿಂದ ಕರೆಯುವ ನೀಲಿ–ಬೂದು ಮಚ್ಚೆಯು ಕಣ್ಣಿನ ಸುತ್ತ ಒಂದು ಬದಿಗೆ ಹರಡಿ, ಕಣ್ಣಿನ ಬಿಳಿಭಾಗವನ್ನೂ ಆವರಿಸಬಹುದು. ಒಂದು ಬದಿಯ ಕೊಬ್ಬು ಮತ್ತು ಮೃದು ಅಂಗಾಂಶಗಳು ಕ್ರಮೇಣ ಕರಗಿಹೋಗುವ ಪ್ಯಾರಿ–ರೊಂಬರ್ಗ್ ರೋಗವು ಸಾಮಾನ್ಯವಾಗಿ ಬಾಲ್ಯ ಅಥವಾ ಯೌವನದಲ್ಲಿ ಶುರುವಾಗುತ್ತದೆ, ಅಲ್ಲಿ ಚರ್ಮ ತೆಳುವಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ.

ನಿಜವಾಗಿ ಗೊಂದಲಕ್ಕೆ ಎಡೆಮಾಡಬಹುದಾದದ್ದು ಬ್ಲ್ಯಾಕ್‌ಹೆಡ್‌ಗಳಂತಹ ರಂಧ್ರಗಳು ಸಾಲಾಗಿ, ಒಂದೇ ಬದಿಗೆ ಮೂಡುವ ವಿರಳವಾದ ಇನ್ನೊಂದು ಜನ್ಮಮಚ್ಚೆ. ಆದರೆ ಅದು ಹುಟ್ಟಿನಲ್ಲೋ ಎಳೆಯ ವಯಸ್ಸಿನಲ್ಲೋ ತೋರಿಕೊಳ್ಳುತ್ತದೆ. ನಮ್ಮ ರೋಗಿಯಲ್ಲಿ ಬದಲಾವಣೆ ಆರಂಭವಾದಾಗ ಅವರಿಗೆ ಸುಮಾರು 44 ವರ್ಷ. ನಲವತ್ತರ ನಂತರ ಶುರುವಾಗಿ, ಮೆಲ್ಲಮೆಲ್ಲಗೆ ಕಾಲು ಶತಮಾನ ಮುಂದುವರಿದ ಗುರುತನ್ನು ಹುಟ್ಟಿನ ಲೆಕ್ಕಕ್ಕೆ ಹಾಕಲು ಬರುವುದಿಲ್ಲ. ಇಂಥ ಪ್ರಕರಣಗಳಲ್ಲಿ ಸೂಕ್ಷ್ಮದರ್ಶಕಕ್ಕಿಂತ ಮೊದಲು ದಾರಿ ತೋರಿಸುವುದು ಎರಡು ಪ್ರಶ್ನೆಗಳು: ಇದು ಯಾವಾಗ ಶುರುವಾಯಿತು, ಜೀವನೋಪಾಯಕ್ಕೆ ಏನು ಮಾಡುತ್ತೀರಿ. ವೃತ್ತಿಯನ್ನು ಕೇಳುವುದನ್ನು ಅವಸರದ ತಪಾಸಣೆಯಲ್ಲಿ ಬಿಟ್ಟುಬಿಡುವ ಅಭ್ಯಾಸ ಇದೆ; ಇಲ್ಲಿ ಅದನ್ನು ಬಿಟ್ಟಿದ್ದರೆ ಉತ್ತರವೇ ಸಿಗುತ್ತಿರಲಿಲ್ಲ.

ಗಾಜು ತಡೆದದ್ದು, ಗಾಜು ಬಿಟ್ಟದ್ದು

ಅಮೆರಿಕದಲ್ಲಿ ಚಾಲಕರು ವಾಹನದ ಎಡಬದಿಗೆ ಕೂರುತ್ತಾರೆ, ಹಾಗಾಗಿ ಪಕ್ಕದ ಕಿಟಕಿ ಅವರ ಎಡಗೆನ್ನೆಗೆ ಹತ್ತಿರವಾಗಿರುತ್ತದೆ. ಗಾಜಿನ ಹಿಂದೆ ಕೂತವರಿಗೆ ಬಿಸಿಲಿನಿಂದ ಏನೂ ಆಗದು ಎಂಬ ಭಾವನೆಗೆ ಅನುಭವದ ಆಧಾರವಿದೆ, ಏಕೆಂದರೆ ಗಾಜಿನ ಹಿಂದೆ ಚರ್ಮ ಸುಲಭವಾಗಿ ಸುಟ್ಟು ಕೆಂಪಾಗುವುದಿಲ್ಲ. ಚರ್ಮವನ್ನು ಸುಡುವುದು ಮುಖ್ಯವಾಗಿ ಯುವಿಬಿ ಎಂದು ಕರೆಯುವ, ಸುಮಾರು 280ರಿಂದ 320 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣಗಳು, ಸಾಮಾನ್ಯ ಗಾಜು ಇವುಗಳಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ. 320ರಿಂದ 400 ನ್ಯಾನೋಮೀಟರ್‌ವರೆಗಿನ ಯುವಿಎ ಕಿರಣಗಳ ಗಣನೀಯ ಪಾಲು ಗಾಜನ್ನು ದಾಟಿ ಬರುತ್ತದೆ. ಭೂಮಿಯ ಮೇಲ್ಮೈಯನ್ನು ತಲುಪುವ ಅತಿನೇರಳೆ ಕಿರಣಗಳಲ್ಲಿ ಸುಮಾರು 95 ಶೇಕಡಾ ಯುವಿಎ ಆಗಿರುವುದರಿಂದ, ಗಾಜು ತಡೆಯುವುದು ಪ್ರಮಾಣದಲ್ಲಿ ಚಿಕ್ಕದಾದ ಪಾಲನ್ನು ಮಾತ್ರ. ಸುಟ್ಟ ಚರ್ಮದ ಉರಿ ಒಂದು ಎಚ್ಚರಿಕೆಯಾಗಿತ್ತು. ಆ ಎಚ್ಚರಿಕೆಯನ್ನು ಗಾಜು ತಡೆದು, ಹಾನಿಯನ್ನು ಒಳಗೆ ಬಿಟ್ಟಿತು.

ವಾಹನದ ಎಲ್ಲ ಗಾಜುಗಳೂ ಒಂದೇ ಬಗೆಯವಲ್ಲ. ಮುಂದಿನ ಗಾಜನ್ನು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿಟ್ಟು ತಯಾರಿಸುತ್ತಾರೆ. ಒಡೆದಾಗ ಚೂರುಗಳು ಸಿಡಿಯದಿರಲಿ ಎಂಬುದು ಅದರ ಉದ್ದೇಶವಾದರೂ, ಆ ಪದರ ಯುವಿಎಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಪಕ್ಕದ ಕಿಟಕಿಗೆ ಸಾಮಾನ್ಯವಾಗಿ ಹದಗೊಳಿಸಿದ ಒಂಟಿ ಗಾಜನ್ನು ಬಳಸುತ್ತಾರೆ, ಅದರ ತಡೆ ವಾಹನದಿಂದ ವಾಹನಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಮುಖದ ಮುಂಭಾಗಕ್ಕಿಂತ ಕಿಟಕಿಯ ಕಡೆಯ ಕೆನ್ನೆ ಹೆಚ್ಚು ಕೆಟ್ಟದ್ದೇಕೆ ಎಂಬುದಕ್ಕೆ ಇದು ನೇರವಾದ ವಿವರಣೆ.

ಯುವಿಬಿ ಹೆಚ್ಚಾಗಿ ಹೊರಚರ್ಮದಲ್ಲೇ ನಿಂತುಹೋಗುತ್ತದೆ, ಯುವಿಎ ಒಳಚರ್ಮದ ಮೇಲಿನ ಪದರಗಳವರೆಗೆ ಇಳಿಯುತ್ತದೆ. ಚರ್ಮಕ್ಕೆ ಬಿಗಿಯನ್ನು ಕೊಡುವ ಕೊಲಾಜೆನ್ ಮತ್ತು ಎಳೆದರೆ ಹಿಂದಕ್ಕೆ ಸೇರುವ ಗುಣವನ್ನು ಕೊಡುವ ಎಲಾಸ್ಟಿನ್ ನಾರುಗಳು ಇರುವುದು ಅಲ್ಲಿಯೇ. ಕಿರಣಗಳು ಅಲ್ಲಿ ಕ್ರಿಯಾಶೀಲ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತವೆ, ಅವುಗಳ ಪ್ರಚೋದನೆಯಿಂದ ಚರ್ಮದ ಜೀವಕೋಶಗಳು ಕೊಲಾಜೆನನ್ನು ಕತ್ತರಿಸುವ ಕಿಣ್ವಗಳನ್ನು ಹೆಚ್ಚಾಗಿ ಬಿಡುಗಡೆ ಮಾಡುತ್ತವೆ. ಎಲಾಸ್ಟಿನ್‌ನ ಕಥೆ ಇನ್ನೂ ವಿಚಿತ್ರ: ದೇಹ ಅದನ್ನು ಬಹುಪಾಲು ಜೀವನದ ಆರಂಭದ ವರ್ಷಗಳಲ್ಲೇ ತಯಾರಿಸಿ ಮುಗಿಸುತ್ತದೆ, ಕೆಟ್ಟುಹೋದ ನಾರನ್ನು ವ್ಯವಸ್ಥಿತವಾಗಿ ಬದಲಿಸುವ ಸಾಮರ್ಥ್ಯ ಅದಕ್ಕೆ ಇಲ್ಲ. ಬಿಸಿಲಿಗೆ ಸಿಕ್ಕ ಚರ್ಮದಲ್ಲಿ ಎಲಾಸ್ಟಿನ್ ಕಡಿಮೆಯಾಗುತ್ತದೆ ಎಂದು ಯಾರಾದರೂ ಊಹಿಸಬಹುದು; ಸೂಕ್ಷ್ಮದರ್ಶಕದಲ್ಲಿ ಕಾಣುವುದು ತದ್ವಿರುದ್ಧ, ವಿರೂಪಗೊಂಡು ಕೆಲಸಕ್ಕೆ ಬಾರದ ಎಲಾಸ್ಟಿನ್ ಮುದ್ದೆಮುದ್ದೆಯಾಗಿ ತುಂಬಿರುತ್ತದೆ. ಬಿಸಿಲಿನಿಂದ ಮರೆಯಾದ ಹಿರಿಯರ ಚರ್ಮ ತೆಳುವಾಗಿ ನವಿರಾದ ಸುಕ್ಕುಗಳನ್ನು ಪಡೆಯುತ್ತದೆ, ಬಿಸಿಲಿಗೆ ಒಡ್ಡಿಕೊಂಡದ್ದು ದಪ್ಪವಾಗಿ ಒರಟಾದ ಏಣುಗಳನ್ನು ಪಡೆಯುತ್ತದೆ. ಈ ಎರಡು ಬಗೆಯ ಮುಪ್ಪು ಒಂದೇ ಪ್ರಕ್ರಿಯೆಯ ಹೆಚ್ಚು–ಕಡಿಮೆ ಹಂತಗಳು ಎಂದು ಭಾವಿಸುವವರಿಗೆ ಈ ಮುಖಕ್ಕಿಂತ ಸ್ಪಷ್ಟವಾದ ಉತ್ತರ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಒಂದು ಪ್ರಕರಣದ ಮಿತಿ

ಒಬ್ಬರ ಮುಖದಿಂದ ಎಲ್ಲರ ಬಗ್ಗೆ ತೀರ್ಮಾನಿಸಲು ಬರುವುದಿಲ್ಲ. ಲಕ್ಷಾಂತರ ಚಾಲಕರಲ್ಲಿ ಹೆಚ್ಚಿನವರ ಮುಖ ಹೀಗೆ ಎದ್ದುಕಾಣುವಂತೆ ಇಬ್ಭಾಗವಾಗುವುದಿಲ್ಲ, ಹಾಗಾದದ್ದು ಅಪರೂಪವಾದ್ದರಿಂದಲೇ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಬದಿಯ ವ್ಯತ್ಯಾಸ ಈ ಒಬ್ಬ ರೋಗಿಗೆ ಸೀಮಿತವಾದದ್ದಲ್ಲ. 2010ರಲ್ಲಿ ಅಮೆರಿಕದ ಸಂಶೋಧಕರು ಚರ್ಮದ ಕ್ಯಾನ್ಸರ್‌ಗಳು ಎಡಬದಿಗೆ ಹೆಚ್ಚಾಗಿ ಕಾಣಿಸಿಕೊಂಡದ್ದನ್ನು, ವಿಶೇಷವಾಗಿ ಗಂಡಸರಲ್ಲಿ, ದಾಖಲಿಸಿದರು. ಚಾಲಕರು ಬಲಬದಿಗೆ ಕೂರುವ ಆಸ್ಟ್ರೇಲಿಯಾದಲ್ಲಿ, ಬಿಸಿಲಿನಿಂದ ಬರುವ ಒರಟು ಹುರುಪೆಗಳು ಬಲಬದಿಗೆ ಹೆಚ್ಚಿದ್ದವೆಂದು 1986ರಲ್ಲೇ ವರದಿಯಾಗಿತ್ತು. ಕೂರುವ ಬದಿ ಬದಲಾದಾಗ ಗುರುತಿನ ಬದಿಯೂ ಬದಲಾಯಿತು ಎಂಬುದು ಕಿಟಕಿಯ ವಿವರಣೆಗೆ ಒಳ್ಳೆಯ ಬಲ ಕೊಡುತ್ತದೆ.

ಮೈಬಣ್ಣದ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ಗಾಢ ಬಣ್ಣದ ಚರ್ಮದಲ್ಲಿ ಮೆಲನಿನ್ ಅತಿನೇರಳೆ ಕಿರಣಗಳನ್ನು ಹೆಚ್ಚು ತಡೆಯುವುದರಿಂದ ಆಳವಾದ ಸುಕ್ಕು ಮತ್ತು ಗಂಟುಗಳು ತಡವಾಗಿ ಬರುತ್ತವೆ. ಆ ಚರ್ಮದಲ್ಲಿ ಬೆಳಕು ಮೊದಲು ಬರೆಯುವುದು ಬಣ್ಣದ ಗುರುತುಗಳನ್ನು: ಕೆನ್ನೆ ಮತ್ತು ಹಣೆಯ ಮೇಲಿನ ಬಂಗು, ಮೊಡವೆ ಮಾಸಿದ ಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ, ಅಲ್ಲಲ್ಲಿ ಅಸಮವಾದ ಬಣ್ಣ. ಬಂಗಿಗೆ ಹಾರ್ಮೋನು, ಗರ್ಭಧಾರಣೆ ಮತ್ತು ವಂಶದ ಒಲವೂ ಕಾರಣವಾಗುತ್ತವೆ, ಕಣ್ಣಿಗೆ ಕಾಣುವ ಬೆಳಕು ಕೂಡ ಅದನ್ನು ಗಾಢಗೊಳಿಸಬಲ್ಲದು. ಆದ್ದರಿಂದ ಇದೇ ಕಿಟಕಿಯ ಪಕ್ಕ ಗಾಢವರ್ಣದ ಚಾಲಕರೊಬ್ಬರು ಅಷ್ಟೇ ವರ್ಷ ಕೂತಿದ್ದರೆ ಚಿತ್ರದಲ್ಲಿ ಈ ಏಣುಗಳು ಕಾಣದೆ ಹೋಗುತ್ತಿದ್ದವೇನೋ, ಆದರೆ ಎರಡು ಕೆನ್ನೆಗಳ ಬಣ್ಣ ಒಂದೇ ಆಗಿ ಉಳಿಯುತ್ತಿತ್ತು ಎಂದು ಹೇಳುವುದು ಕಷ್ಟ.

ಚಿಕಿತ್ಸೆ ಮತ್ತು ನಿಗಾ

ರೋಗಿಗೆ ಸೂಚಿಸಿದ್ದು ಮೂರು: ಬಿಸಿಲಿನಿಂದ ರಕ್ಷಣೆ, ಹಚ್ಚಿಕೊಳ್ಳುವ ರೆಟಿನಾಯ್ಡ್ ಔಷಧ, ಚರ್ಮದ ಕ್ಯಾನ್ಸರ್‌ಗಾಗಿ ಕಾಲಕಾಲಕ್ಕೆ ತಪಾಸಣೆ. ರೆಟಿನಾಯ್ಡ್‌ಗಳು ಎ ಜೀವಸತ್ವಕ್ಕೆ ಸಂಬಂಧಿಸಿದ ಔಷಧಗಳು. ರಂಧ್ರಗಳಲ್ಲಿ ತುಂಬಿದ ಕೆರಾಟಿನನ್ನು ಸಡಿಲಿಸುತ್ತವೆ, ನಿಧಾನವಾಗಿ ಹೊಸ ಕೊಲಾಜೆನ್ ಕಟ್ಟಲು ನೆರವಾಗುತ್ತವೆ. ಬಿಸಿಲಿನಿಂದ ಮುಪ್ಪಾದ ಚರ್ಮಕ್ಕೆ ಇವು ಉಪಯೋಗಕ್ಕೆ ಬರುತ್ತವೆ ಎಂಬುದನ್ನು 1980ರ ದಶಕದ ಅಧ್ಯಯನಗಳು ತೋರಿಸಿದವು. ಫಲ ಕಾಣಲು ತಿಂಗಳುಗಳು ಬೇಕು, ಮೊದಲ ವಾರಗಳಲ್ಲಿ ಚರ್ಮ ಕೆಂಪಾಗಿ ಸುಲಿಯುವುದು ಸಾಮಾನ್ಯ. ಗಂಟುಗಟ್ಟಿ ಕೂತ ಎಲಾಸ್ಟಿನ್ ರಾಶಿಯನ್ನು ಯಾವ ಲೇಪನವೂ ಪೂರ್ತಿಯಾಗಿ ಕರಗಿಸುವುದಿಲ್ಲ ಎಂಬುದನ್ನು ರೋಗಿಗೆ ಮೊದಲೇ ಹೇಳುವುದು ಪ್ರಾಮಾಣಿಕತೆ.

ಸನ್‌ಸ್ಕ್ರೀನ್ ಆರಿಸುವಾಗ ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ಚರ್ಮ ಸುಡುವುದರ ವಿರುದ್ಧದ ರಕ್ಷಣೆಯನ್ನು, ಎಂದರೆ ಬಹುಮಟ್ಟಿಗೆ ಯುವಿಬಿ ತಡೆಯನ್ನು ಅಳೆಯುತ್ತದೆ. ಈ ಪ್ರಕರಣದಲ್ಲಿ ಹಾನಿ ಮಾಡಿದ ಕಿರಣ ಅದಲ್ಲದ ಕಾರಣ, ಯುವಿಎಯನ್ನೂ ತಡೆಯುತ್ತದೆ ಎಂದು ಪ್ರತ್ಯೇಕವಾಗಿ ನಮೂದಿಸಿದ ಲೇಪನವೇ ಬೇಕು.

ತಪಾಸಣೆಯ ಸಲಹೆಯನ್ನು ಮೂರರಲ್ಲಿ ಹೆಚ್ಚು ಮುಖ್ಯ ಎಂದು ನಾನು ಪರಿಗಣಿಸುತ್ತೇನೆ. ಯುವಿಬಿ ಕಿರಣಗಳೇ ಚರ್ಮದ ಕ್ಯಾನ್ಸರ್‌ಗೆ ಹೆಚ್ಚು ಕಾರಣವಾದರೂ, ಯುವಿಎ ಕೂಡ ಡಿಎನ್‌ಎಯನ್ನು ಕೆಡಿಸಬಲ್ಲದು ಎಂಬುದನ್ನು ಮೂಲ ವರದಿಯೇ ಎತ್ತಿ ಹೇಳುತ್ತದೆ. ಅಲ್ಲದೆ ಏಣು, ಗಂಟು, ಕಪ್ಪು ರಂಧ್ರಗಳಿಂದ ತುಂಬಿದ ಕೆನ್ನೆಯಲ್ಲಿ ಹೊಸದಾಗಿ ಮೂಡಿದ ಮುತ್ತಿನ ಹೊಳಪಿನ ಗುಳ್ಳೆ, ಮಾಯದ ಹುಣ್ಣು, ಅಂಚು ಹರಡುತ್ತಿರುವ ಕಂದು ಮಚ್ಚೆ ಸುಲಭವಾಗಿ ಕಣ್ತಪ್ಪುತ್ತವೆ. ಎಡಗೆನ್ನೆಯನ್ನು ಬಲಗೆನ್ನೆಯೊಡನೆ ಹೋಲಿಸಿ ನೋಡುವುದು ರೋಗವನ್ನು ಗುರುತಿಸಲು ನೆರವಾಗಿರಬಹುದು, ನಿಗಾ ಇಡಲು ಅದು ಸಾಲದು. ಪ್ರತಿ ಭೇಟಿಯಲ್ಲೂ ಎಡಗೆನ್ನೆಯ ಛಾಯಾಚಿತ್ರವನ್ನು ಒಂದೇ ಬೆಳಕಿನಲ್ಲಿ, ಒಂದೇ ಕೋನದಿಂದ ತೆಗೆದು, ಅದೇ ಕೆನ್ನೆಯ ಹಿಂದಿನ ಚಿತ್ರದೊಡನೆ ಹೋಲಿಸಬೇಕು, ಬದಲಾದ ಜಾಗ ಕಂಡರೆ ಮತ್ತೆ ತುಣುಕು ತೆಗೆದು ಪರೀಕ್ಷೆಗೆ ಕಳುಹಿಸಬೇಕು.